ಕ್ಯಾಮೆರಾದ ಎಡಗಡೆ

ಜನವರಿ 9, ಮಧ್ಯಾಹ್ನ

ಮತ್ತೆ ಬಿಸಿಲಿಗೆ ಕಾಯುತ್ತಿದ್ದೇವೆ. ಮೋಡ ಸರಿದರೆ ಶಾಟ್, ಇಲ್ಲದಿದ್ದರೆ ಇನ್ನೊಂದು ಸುತ್ತು ಚಹಾ. ಮುಖಕ್ಕೆ ಪೌಡರ್ ಒತ್ತಿಸಿಕೊಂಡು ಒತ್ತಿಸಿಕೊಂಡು ಚರ್ಮಕ್ಕೇ ಬೇಜಾರಾಗಿದೆ.

ಹಸಿರು ಬಾಗಿಲಿನ ಹಳೇ ಮನೆ. ಹೊರಗಡೆ ಮಾತ್ರ ನಮ್ಮದು. ಒಳಗೆ ಯಾರೋ ಸಂಸಾರ ಮಾಡುತ್ತಿದ್ದಾರೆ, ಕುಕ್ಕರ್ ಕೂಗಿದ್ದು ಕೇಳಿಸಿತು. ಇಲ್ಲಿ ನಾನು ಬಾಗಿಲು ತೆಗೆದು ಒಂದು ಹೆಜ್ಜೆ ಒಳಗಿಡಬೇಕು. ಎರಡನೇ ಹೆಜ್ಜೆ ಮುಂದಿನ ತಿಂಗಳು, ಸ್ಟುಡಿಯೋದಲ್ಲಿ. ಅಲ್ಲಿ ಇದೇ ಬಾಗಿಲಿನ ಒಳಮುಖ ಕಟ್ಟುತ್ತಾರಂತೆ. ನಮ್ಮ ಕಸುಬೇ ಹೀಗೆ. ಒಂದು ಹೊಸ್ತಿಲು ದಾಟಲು ಒಂದು ತಿಂಗಳು.

ಒಳ್ಳೇ ಪಾತ್ರ. ಮನೆ ಬಿಟ್ಟು ಹೋಗಿದ್ದ ಹೆಂಗಸು ವರ್ಷಗಳ ಮೇಲೆ ಮಗಳನ್ನು ನೋಡಲು ಬರುತ್ತಾಳೆ. ಗಂಡ ಗೇಟಿನ ಹತ್ತಿರ ಇದ್ದಾನೆ. ಬಾ ಅನ್ನುವುದಿಲ್ಲ, ಹೋಗು ಅನ್ನುವುದೂ ಇಲ್ಲ. ಅವಳು ಬಾಗಿಲು ತೆಗೆದು, ಒಮ್ಮೆ ತಿರುಗಿ ಅವನನ್ನು ನೋಡಿ, ಒಳಗೆ ಹೋಗುತ್ತಾಳೆ. ಒಳಗೆ ಮಗಳು. ನಾಲ್ಕೇ ಮಾತು. ಆ ನಾಲ್ಕು ಮಾತಿಗಾಗಿಯೇ ಈ ಚಿತ್ರ ಒಪ್ಪಿಕೊಂಡೆ. ತಾಯಿ ಪಾತ್ರ ಅಂದರೆ ಕಣ್ಣೀರು ಹಾಕುತ್ತಾ ತಟ್ಟೆ ಹಿಡಿದು ನಿಲ್ಲುವುದು ಅಂತ ಎಲ್ಲರೂ ತಿಳಿದಿದ್ದಾರೆ. ಇವಳು ತಟ್ಟೆ ಹಿಡಿಯುವುದಿಲ್ಲ.

ಗಂಡನ ಪಾತ್ರ ಸಾಹೇಬರದ್ದು. ನಾಯಕನಾಗಿದ್ದ ಕಾಲದಿಂದ ಎಲ್ಲರೂ ಅವರನ್ನು ಸಾಹೇಬರು ಅಂತಲೇ ಕರೆಯುವುದು. ಅವರ ಡೇಟ್ ಇನ್ನೂ ಮುಂದಿದೆ. ಅವರ ಪಾಲಿನ ಶಾಟನ್ನು ಇದೇ ಗೇಟಿನ ಹತ್ತಿರ ಬೇರೆ ದಿನ ತೆಗೆಯುತ್ತಾರೆ. ಅವರಿದ್ದರೂ ಏನು? ತಮ್ಮ ಶಾಟ್ ಮುಗಿದ ಕೂಡಲೇ ವ್ಯಾನ್ ಹತ್ತುವವರು. ಎದುರಿನವರ ಕ್ಲೋಸಪ್‌ಗೆ ಯಾವ ದೊಡ್ಡ ನಟ ನಿಂತಿದ್ದಾನೆ?

ಯಾರಾದರೂ ನಿಲ್ಲಲೇಬೇಕಲ್ಲ. ಕ್ಯಾಮೆರಾದ ಎಡಗಡೆ ನಿಂತು, ಎದುರಿನವರ ಮಾತು ಓದಬೇಕು. ನಾನು ಅವರನ್ನೇ ನೋಡಬೇಕು. ಇದಕ್ಕೆ ‘ಲುಕ್ ಕೊಡೋದು’ ಅನ್ನುತ್ತಾರೆ. ನನಗೆ ಮೊದಲಿನಿಂದಲೂ ಲುಕ್ ಕೊಡುವುದು ಅಕ್ಕ.

ಅಕ್ಕ ಗಿಡ್ಡಿ. ಸಾಹೇಬರು ಏಣಿ. ಅದಕ್ಕೇ ಒಂದು ಮರದ ಪೆಟ್ಟಿಗೆ. ಅದರ ಮೇಲೆ ನಿಂತರೆ ಅಕ್ಕ ಸಾಹೇಬರಾಗುತ್ತಾಳೆ. ನಿನ್ನ ಹೀರೋಗಳಿಗೆಲ್ಲ ನನ್ನ ಮಂಡಿಯೇ ಆಧಾರ ಅನ್ನುತ್ತಾಳೆ.

ಇವತ್ತು ಪೆಟ್ಟಿಗೆ ಹತ್ತಿದಳು. ಇಳಿದಳು. ಅದರ ಮೇಲೆ ಕೂತುಬಿಟ್ಟಳು. ಯಾಕೆ ಅಂದೆ. ಸುಸ್ತು ಅಂದಳು, ಅಷ್ಟೇ.

ಬಿಸಿಲು ಬಂತು. ಕರೆಯುತ್ತಿದ್ದಾರೆ —

ಅದೇ ದಿನ, ಸಂಜೆ

ಒಂದೇ ಟೇಕ್. ಓಕೆ. ಮತ್ತೆ ಮೋಡ ಮುಚ್ಚುವುದರೊಳಗೆ ಮುಗಿಸಿದೆವು. ಕ್ಯಾಮೆರಾಮನ್ ತಾವೇ ಚಪ್ಪಾಳೆ ತಟ್ಟಿದರು. ಅವರು ಸುಮ್ಮಸುಮ್ಮನೆ ತಟ್ಟುವವರಲ್ಲ.

ಜನವರಿ 10

ಕಾರಿನಲ್ಲಿ ವಾಪಸ್. ಅಕ್ಕ ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡು ನಿದ್ದೆ. ಎದ್ದವಳು ನಾನು ಬರೆಯುವುದನ್ನು ನೋಡಿ ನಕ್ಕಳು. ಈ ಡೈರಿ ಚಟ ಹಿಡಿಸಿದ್ದೇ ಅವಳು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಪುಸ್ತಕ ತಂದುಕೊಟ್ಟು, ‘ಇದರಲ್ಲಿ ಬರಿ, ಎಲ್ಲಾ ನನ್ನ ಕಿವೀಲೇ ಸುರೀಬೇಡ’ ಅಂದಿದ್ದಳು. ಎರಡೂ ಕಡೆ ಸುರಿಯುತ್ತಾ ಬಂದಿದ್ದೇನೆ.

ಈ ಚಿತ್ರವನ್ನಾದರೂ ಥಿಯೇಟರಿಗೆ ಬಂದು ನೋಡು ಅಂದೆ. ಒಂದನ್ನೂ ನೋಡಿಲ್ಲ ಅವಳು. ನನಗೆ ಪ್ರಶಸ್ತಿ ಬಂದ ಚಿತ್ರವನ್ನೂ. ಯಾವಾಗ ಕರೆದರೂ ಒಂದೇ ಉತ್ತರ, ಇವತ್ತೂ ಅದೇ.

“ನಾನು ನೋಡಾಯ್ತಲ್ಲ.”

ಸೋಮಾರಿ. ಮೂರು ಗಂಟೆ ಕತ್ತಲಲ್ಲಿ ಕೂರಲು ಬೇಜಾರು, ಅದಕ್ಕೊಂದು ನೆಪ.

ಜನವರಿ 16

ಅಕ್ಕನ ರಿಪೋರ್ಟ್ ಬಂತು. ಡಾಕ್ಟರ್ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎಷ್ಟು ಚಿತ್ರಗಳಲ್ಲಿ ಡಾಕ್ಟರ್ ಕನ್ನಡಕ ತೆಗೆಯುವುದನ್ನು ನೋಡಿದ್ದೇನೆ. ಮುಂದಿನ ಮಾತು ನನಗೆ ಬಾಯಿಪಾಠ.

ಹೊರಗೆ ಬಂದ ಮೇಲೆ ಅಕ್ಕ ಹೇಳಿದಳು, “ಪರವಾಗಿಲ್ಲ ಕಣೇ, ಚೆನ್ನಾಗಿ ಮಾಡಿದ ಡಾಕ್ಟರು. ಜಾಸ್ತಿ ಎಳೀಲಿಲ್ಲ.”

ಜನವರಿ 27

ಆಸ್ಪತ್ರೆಯ ಕುರ್ಚಿ. ಬರೆಯುವುದೇನೂ ಇಲ್ಲ.

ಫೆಬ್ರವರಿ 21

ಇವತ್ತು ಪುಸ್ತಕ ತೆಗೆದೆ. ಅಕ್ಕ ಇಲ್ಲ. ಈ ಎರಡು ಶಬ್ದ ಬರೆಯಲು ಬೆಳಗಿನಿಂದ ಕೂತಿದ್ದೆ. ಬರೆದಾಯಿತು.

ಜನ ಬಂದು ಹೋದರು. ಸಣ್ಣ ವಯಸ್ಸು ಅಂದರು, ಇನ್ನೂ ಇರಬೇಕಿತ್ತು ಅಂದರು. ಅವಳಿಗಿಂತ ದೊಡ್ಡವರು ಕೂಡ ಅಕ್ಕ ಅಕ್ಕ ಅಂತ ಅತ್ತರು. ಸೆಟ್ಟಿನಲ್ಲಿ ಅವಳಿಗೆ ಬೇರೆ ಹೆಸರೇ ಇರಲಿಲ್ಲ. ನಾನು ಅಳಲಿಲ್ಲ. ಅಳುವುದು ನನ್ನ ಕೆಲಸ. ಮನೆಯಲ್ಲಿ ಕೆಲಸ ಮಾಡುವ ಅಭ್ಯಾಸ ಇಲ್ಲ.

ಮಧ್ಯಾಹ್ನ ಡೈರೆಕ್ಟರ್ ಬಂದಿದ್ದ. ನನ್ನ ತಮ್ಮನ ವಯಸ್ಸಿನವನು, ಒಳ್ಳೆಯವನು. ಬಂದವನು ಕುರ್ಚಿಯ ತುದಿಯಲ್ಲಿ ಕೂತು ಕೈ ಹೊಸಕಿಕೊಂಡ. ನಿಮಗೆ ಕಷ್ಟ ಆಗುವುದಾದರೆ ಆ ಒಳಗಿನ ಸೀನ್ ಬಿಟ್ಟುಬಿಡೋಣ ಅಂದ. ನೀವು ಬಾಗಿಲು ತೆಗೀತೀರಿ, ಅಲ್ಲಿಗೆ ಕಟ್. ಮಿಕ್ಕದ್ದನ್ನು ಮಗಳ ಬಾಯಲ್ಲಿ ಒಂದು ಮಾತಿನಲ್ಲಿ ಹೇಳಿಸಿದರಾಯಿತು ಅಂದ. ಅವನ ಮನಸ್ಸಿನಲ್ಲಿ ಅದು ದೊಡ್ಡ ಉಪಕಾರ.

ಆ ಸೀನ್ ಹೋದರೆ ನಾನು ಈ ಚಿತ್ರದಲ್ಲಿ ಬಾಗಿಲು ತೆಗೆದ ಹೆಂಗಸು, ಅಷ್ಟೇ. ಸೀನ್ ಇರಲಿ, ಮಾಡುತ್ತೇನೆ ಅಂದೆ. ಲುಕ್ ಕೊಡೋಕೆ ಯಾರು ಅಂತ ಅವನು ಕೇಳಲಿಲ್ಲ. ಕೇಳಬೇಕೆಂದು ಅವನು ಬಾಯಿ ತೆರೆದದ್ದು ನನಗೆ ಕಂಡಿತು.

ಫೆಬ್ರವರಿ 22

ನಿದ್ದೆ ಬರಲಿಲ್ಲ ಅಂತಲ್ಲ, ಬಂತು. ಬೆಳಿಗ್ಗೆ ಎರಡು ಲೋಟ ಚಹಾ ಮಾಡಿದೆ. ಎರಡನ್ನೂ ನಾನೇ ಕುಡಿದೆ.

ಮೊದಲ ಕ್ಲೋಸಪ್ ನೆನಪಾಯಿತು. ಹದಿನಾರಕ್ಕೆ ಹಾಡುಗಳ ಹಿಂದೆ ಕುಣಿಯುವ ಗುಂಪಿಗೆ ಸೇರಿದ್ದೆ, ಮೂರನೇ ಸಾಲು. ಒಬ್ಬಳನ್ನೇ ಕಳಿಸಲು ಅಮ್ಮನಿಗೆ ಹೆದರಿಕೆ. ಅಕ್ಕ ಟೈಲರ್ ಅಂಗಡಿಯಲ್ಲಿ ಕಾಜಾ ಹೊಲಿಯುತ್ತಿದ್ದಳು. ಅದನ್ನು ಬಿಟ್ಟು ಜೊತೆಗೆ ಬಂದಳು. ಕೂದಲು ಬಾಚುವುದು, ಬಟ್ಟೆ ಕಾಯುವುದು, ಕಂಡಕಂಡವರನ್ನು ದುರುಗುಟ್ಟಿ ನೋಡುವುದು.

ನಾಯಕಿಯಾದ ಮೊದಲ ಚಿತ್ರ. ಪ್ರೇಮದ ಸೀನ್. ನಾಯಕ ತನ್ನ ಭಾಗ ಮುಗಿಸಿ ಹೊರಟುಹೋಗಿದ್ದ. ಅಸಿಸ್ಟೆಂಟ್ ಒಬ್ಬ ಹಾಳೆ ಹಿಡಿದು ಅವನ ಮಾತು ಓದಿದ. ‘ನೀನಿಲ್ಲದೆ ನಾನು ಬದುಕಲಾರೆ’ ಅನ್ನುವುದನ್ನು ರೈಲು ತಡವಾಗಿ ಬರಲಿದೆ ಅನ್ನುವ ಹಾಗೆ ಓದಿದ. ನನಗೆ ನಗು. ಎಷ್ಟು ಸಲ ಮಾಡಿದರೂ ನಗು. ಡೈರೆಕ್ಟರ್ ಟೋಪಿ ನೆಲಕ್ಕೆ ಬಡಿದರು. ಆಗ ಅಕ್ಕ ಹಿಂದಿನಿಂದ ಬಂದು, ಕೊಡಿ ಇಲ್ಲಿ ಅಂತ ಹಾಳೆ ಕಿತ್ತುಕೊಂಡಳು. ಆ ಮಾತನ್ನು ಹೇಳಿದಳು. ನಟಿಸಲಿಲ್ಲ. ಮಳೆ ಬರೋ ಹಾಗಿದೆ, ಕೊಡೆ ತಗೊಂಡು ಹೋಗು ಅನ್ನುವ ದನಿಯಲ್ಲಿ ಹೇಳಿದಳು. ನನ್ನ ಕಣ್ಣು ತುಂಬಿ ಬಂತು. ಆ ಶಾಟ್ ಇವತ್ತಿಗೂ ಜನ ನೆನೆಯುತ್ತಾರೆ.

ಆಮೇಲೆ ನನ್ನ ಪ್ರೇಮಿಗಳೆಲ್ಲ ಅಕ್ಕ. ಖಳನಾಯಕರೂ ಅಕ್ಕ. ನನ್ನನ್ನು ಮನೆಯಿಂದ ಹೊರಗೆ ಹಾಕಿದ ಅತ್ತೆ, ನ್ಯಾಯಾಧೀಶರು, ಸಾಯುತ್ತಿದ್ದ ಗಂಡ, ಎಲ್ಲ ಅವಳೇ. ಸಾಹೇಬರ ಜೊತೆ ಜೋಡಿಯಾಗಿದ್ದ ಕಾಲದಲ್ಲಿ ಒಂದು ಪತ್ರಿಕೆಯವರು ಬರೆದಿದ್ದರು, ಆಕೆ ಆತನನ್ನು ನೋಡುವ ಕಣ್ಣಿನಲ್ಲಿ ಎಂಥ ಪ್ರೀತಿ ಅಂತ. ಅಕ್ಕ ಅದನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆಮೇಲೆ ನಾಲ್ಕೈದು ವರ್ಷ ಯಾರೂ ಕರೆಯಲಿಲ್ಲ. ನಾಯಕಿಗೆ ಹೆಚ್ಚು, ತಾಯಿಗೆ ಕಡಿಮೆ, ಅಂಥ ವಯಸ್ಸು. ಆಗಲೂ ಅಕ್ಕ ದಿನಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಳೇ ಚಿತ್ರಗಳ ಮಾತು ಹೇಳುತ್ತಿದ್ದಳು, ನಾನು ಉತ್ತರ ಕೊಡುತ್ತಿದ್ದೆ. ಕೈ ಜಡ್ಡುಗಟ್ಟಬಾರದು ಅಂತ. ಜಡ್ಡುಗಟ್ಟಲಿಲ್ಲ. ನನ್ನ ಕೆಲಸ ನನಗೆ ಬರುತ್ತದೆ. ಇದನ್ನು ಜಂಬಕ್ಕೆ ಬರೆಯುತ್ತಿಲ್ಲ.

ಫೆಬ್ರವರಿ 24

ಡೈರೆಕ್ಟರ್ ಫೋನ್. ದನಿ ಸರಿಯಿರಲಿಲ್ಲ. ಎಡಿಟಿಂಗ್ ರೂಮಿಗೆ ಬನ್ನಿ ಅಂದ. ಹೋದೆ.

ಚಿಕ್ಕ ಕೋಣೆ, ಪರದೆ ಎಳೆದಿತ್ತು. ಎಡಿಟರ್ ಹಸಿರು ಬಾಗಿಲಿನ ಶಾಟ್ ಹಾಕಿದರು. ನಾನು ಬಾಗಿಲು ತೆಗೆದೆ. ತಿರುಗಿದೆ. ನೋಡಿದೆ. ಎಡಿಟರ್ ಅಲ್ಲಿಗೆ ನಿಲ್ಲಿಸಿದರು.

ನೋಟ ಕೆಳಗಿದೆ. ಗಂಡ ನಿಂತಿದ್ದರೆ ನಾನು ಅವನ ಸೊಂಟ ನೋಡುತ್ತಿದ್ದೇನೆ. ಅಲ್ಲಿ ಮಗು ಇದೆಯಾ, ನಾಯಿ ಇದೆಯಾ ಅಂತ ನೋಡುವವರು ಕೇಳುತ್ತಾರೆ ಅಂದರು. ಅವತ್ತು ಎಲ್ಲರಿಗೂ ಮೋಡದ ಚಿಂತೆ. ಯಾರೂ ಗಮನಿಸಲಿಲ್ಲ. ಕ್ಯಾಮೆರಾಮನ್ ಕೂಡ.

ಪೆಟ್ಟಿಗೆ ಮೇಲೆ ನಿಲ್ಲಬೇಕಾದವಳು ಕೂತಿದ್ದಳು. ನಾನು ಕೂತವಳನ್ನೇ ನೋಡಿದ್ದೆ.

ಮತ್ತೆ ತೆಗೆಯೋಣ ಅಂದೆ. ಆಗುವುದಿಲ್ಲವಂತೆ. ತನ್ನ ಮನೆ ಸಿನಿಮಾದಲ್ಲಿ ಬರುತ್ತದೆ ಅನ್ನುವ ಖುಷಿಗೆ ಮನೆಯವನು ಬಾಗಿಲು, ಗೋಡೆ ಎಲ್ಲದಕ್ಕೂ ಹೊಸ ಬಣ್ಣ ಬಳಿಸಿದ್ದಾನೆ. ಹಳದಿ. ಮೂವರಿಗೂ ನಗು ಬಂತು, ಯಾರೂ ನಗಲಿಲ್ಲ.

ಡೈರೆಕ್ಟರ್ ತಲೆ ತಗ್ಗಿಸಿ ಹೇಳಿದ, ಈ ಶಾಟ್ ಇಲ್ಲದಿದ್ದರೆ ಒಳಗಿನ ಸೀನ್ ಜೋಡಿಸಲಾಗುವುದಿಲ್ಲ, ಎರಡೂ ಹೋಗುತ್ತವೆ ಅಂತ.

ಇನ್ನೊಮ್ಮೆ ಹಾಕಿ ಅಂದೆ. ಹಾಕಿದರು. ನನ್ನ ಮುಖ ನೋಡಿದೆ. ಇಷ್ಟು ವರ್ಷ ಅದನ್ನು ಬಳಸಿದವಳು ನಾನು, ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತು. ಆ ನೋಟ ಒಳ್ಳೆಯದು. ಜೀವಮಾನದಲ್ಲಿ ಅದಕ್ಕಿಂತ ಒಳ್ಳೆಯದನ್ನು ಕೊಟ್ಟಿಲ್ಲ. ಇವಳಿಗೇನಾಗಿದೆ ಅನ್ನುವ ಗಾಬರಿ ಇದೆ ಅದರಲ್ಲಿ, ಕೇಳಲಾರೆ ಅನ್ನುವುದೂ ಇದೆ.

“ಈ ಶಾಟ್ ಇರಲಿ,” ಅಂದೆ. “ಸಾಹೇಬ್ರನ್ನ ಕೂರಿಸಿ.”

ಅವರ ಶಾಟ್ ಇನ್ನೂ ತೆಗೆದಿಲ್ಲ, ಅದರಲ್ಲಿ ಮನೆ ಕಾಣುವುದೂ ಇಲ್ಲ. ಗೇಟಿನ ಪಕ್ಕದಲ್ಲಿ ಒಂದು ಕಲ್ಲಿದೆ. ಇಷ್ಟು ವರ್ಷ ಬಿಗಿದುಕೊಂಡು ನಿಂತಿದ್ದ ಗಂಡ, ಹೆಂಡತಿ ಬಾಗಿಲು ತೆಗೆಯುವ ಹೊತ್ತಿಗೆ ಕಾಲಲ್ಲಿ ಬಲವಿಲ್ಲದೆ ಕೂತುಬಿಟ್ಟಿದ್ದಾನೆ. ಅವಳು ತಿರುಗಿ ನೋಡಿದರೆ ಕೂತಿದ್ದಾನೆ. ಅಷ್ಟೇ.

ಎಡಿಟರ್ ಕುರ್ಚಿ ತಿರುಗಿಸಿ ನನ್ನನ್ನು ನೋಡಿದರು. ಡೈರೆಕ್ಟರ್ ಎರಡು ಸಲ ಹೂಂ ಅಂದ. ಆಮೇಲೆ ಮುಖ ಚಿಕ್ಕದು ಮಾಡಿಕೊಂಡ. ಹುಲಿಯನ್ನು ಕೂರಿಸಬಹುದು, ಸಾಹೇಬರನ್ನು ಕೂರಿಸಲಾಗುವುದಿಲ್ಲ ಅಂದ. ಯಾವ ಚಿತ್ರದಲ್ಲೂ ಅವರು ಹೆಂಗಸಿನ ಎದುರು ಕೂತವರಲ್ಲ. ನಿಜ.

ನಾನು ಕೇಳುತ್ತೇನೆ ಅಂದೆ.

ಫೆಬ್ರವರಿ 26

ಸಾಹೇಬರ ಮನೆ. ಗೋಡೆ ತುಂಬ ಅವರದೇ ಫೋಟೋ, ಎಲ್ಲದರಲ್ಲೂ ನಿಂತಿದ್ದಾರೆ. ಅಕ್ಕನ ಬಗ್ಗೆ ಎರಡು ಒಳ್ಳೆಯ ಮಾತು ಆಡಿದರು. ನಂತರ ವಿಷಯ ಹೇಳಿದೆ. ಆಗಲ್ಲಮ್ಮ ಅಂದರು. ಜನ ಒಪ್ಪುವುದಿಲ್ಲ, ಅಭಿಮಾನಿಗಳು ಬೇಜಾರು ಮಾಡಿಕೊಳ್ಳುತ್ತಾರೆ, ಪಾತ್ರದ ಗತ್ತು ಹೋಗುತ್ತದೆ. ಎಲ್ಲ ಕೇಳಿದೆ. ಸುಮ್ಮನಿದ್ದರೆ ಎದುರಿನವರು ನಿಜ ಹೇಳುತ್ತಾರೆ, ಇದು ಕ್ಲೋಸಪ್‌ನಲ್ಲಿ ಕಲಿತದ್ದು.

ಕೊನೆಗೆ ಬಾಗಿಲ ಕಡೆ ನೋಡಿ, ಹೆಂಡತಿ ಹತ್ತಿರ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

“ಕೂರೋದೇನೋ ಕೂರ್ತೀನಿ. ಏಳೋಕಾಗಲ್ಲ ಕಣಮ್ಮ. ಮಂಡಿ.”

ಏಳುವ ಶಾಟ್ ಇಲ್ಲ ಅಂದೆ. ಕೂತಿದ್ದೀರಿ, ಕಟ್, ಅಷ್ಟೇ. ಅವರ ಮುಖ ಸಡಿಲವಾಯಿತು. ಆಮೇಲೆ ಯಾಕೆ ನೋಟ ಕೆಳಗಿತ್ತು ಅಂತ ಕೇಳಿದರು. ಪೆಟ್ಟಿಗೆ ಕಥೆ ಹೇಳಬೇಕಾಯಿತು. ಇಷ್ಟು ವರ್ಷದ್ದೂ. ಅವರಿಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದು ಹೇಗೆ, ಅವರು ವ್ಯಾನಿನಲ್ಲಿರುತ್ತಿದ್ದರಲ್ಲ.

“ನನ್ನ ಮಾತೆಲ್ಲ ನಿಮ್ಮಕ್ಕ ಹೇಳ್ತಿದ್ರಾ?”

“ಎಲ್ಲಾ.”

“ಹೇಗೆ ಹೇಳ್ತಿದ್ರು?”

“ನಿಮಗಿಂತ ಚೆನ್ನಾಗಿ, ಸಾಹೇಬ್ರೇ.”

ಬಿದ್ದು ಬಿದ್ದು ನಕ್ಕರು. ಹೊರಡುವಾಗ ಗೇಟಿನ ತನಕ ಬಂದರು. ಕುರ್ಚಿಯಿಂದ ಏಳಲು ನಿಜವಾಗಿಯೂ ಎರಡು ಪ್ರಯತ್ನ ಬೇಕಾಯಿತು.

ಮಾರ್ಚ್ 4

ಕ್ಯಾಮೆರಾಮನ್ ಫೋನ್ ಮಾಡಿದ್ದರು. ಸಾಹೇಬರು ಕಲ್ಲಿನ ಮೇಲೆ ಕೂತರಂತೆ. ಕಟ್ ಅಂದ ಮೇಲೂ ಕೂತೇ ಇದ್ದರಂತೆ, ಪಾತ್ರದೊಳಗೆ ಮುಳುಗಿದ್ದಾರೆ ಅಂತ ಎಲ್ಲರೂ ಕೈ ಕಟ್ಟಿ ಗೌರವದಿಂದ ನಿಂತರಂತೆ. ಕೊನೆಗೆ ಅವರೇ, ಯಾರಾದರೂ ಎಬ್ಬಿಸ್ರಪ್ಪ ಅಂದರಂತೆ.

ಶಾಟ್ ಹೇಗೆ ಬಂತು ಅಂದೆ. ನೀನು ಹೇಳಿದ್ದೇ ಸರಿ ಅಂದರು.

ಬಾಗಿಲಿನ ಹೊರಗಡೆ ಉಳಿಯಿತು. ಇನ್ನು ಒಳಗಡೆ.

ಮಾರ್ಚ್ 11

ಸ್ಟುಡಿಯೋ. ಹಸಿರು ಬಾಗಿಲಿನ ಒಳಮುಖ ಚೆನ್ನಾಗಿ ಕಟ್ಟಿದ್ದಾರೆ. ಚಿಲಕದ ತುಕ್ಕು ಕೂಡ ಹಾಗೇ ಇದೆ. ಹೊರಗಿನ ಶಾಟಿನಲ್ಲಿ ಹಾಕಿದ್ದ ಅದೇ ಬೂದು ಬಟ್ಟೆ ತೊಟ್ಟೆ. ಸೊಂಟದಲ್ಲಿ ಸಡಿಲ, ಪಿನ್ ಹಾಕಿದರು.

ಮಗಳ ಪಾತ್ರದ ಹುಡುಗಿ ಹೊಸಬಳು, ಎತ್ತರ, ಚುರುಕು. ಇಬ್ಬರೂ ಇರುವ ಶಾಟ್ ಸಲೀಸಾಗಿ ಮುಗಿಯಿತು. ನಂತರ ನನ್ನ ಕ್ಲೋಸಪ್. ಹುಡುಗಿಯ ಚಿಕ್ಕಪ್ಪ, ಅವಳ ಮ್ಯಾನೇಜರ್ ಕೂಡ ಅವನೇ, ಅವಳನ್ನು ವ್ಯಾನಿಗೆ ಕರೆದುಕೊಂಡು ಹೋದ. ಅದೇ ಪದ್ಧತಿ. ತಪ್ಪು ಹೇಳಲಾರೆ.

ಸ್ಟ್ಯಾಂಡ್ ತಂದು, ಅದಕ್ಕೊಂದು ಬಿಳಿ ಟೇಪ್ ಅಂಟಿಸಿದರು. ಇಲ್ಲಿ ನೋಡಿ ಮೇಡಂ. ಅಸಿಸ್ಟೆಂಟ್ ಮಗಳ ಮಾತು ಓದಿದ. ‘ಯಾಕೆ ಬಂದೆ ಈಗ?’ ರೈಲು ಇನ್ನೂ ತಡವಾಗಿಯೇ ಬರುತ್ತಿದೆ.

ಆಗಲಿಲ್ಲ. ಮಾತು ಬಂತು, ಕಣ್ಣು ಬರಲಿಲ್ಲ. ಟೇಪ್ ಬಿಟ್ಟು ಕೆಳಕ್ಕೆ ಜಾರುತ್ತದೆ, ಅಲ್ಲಿ ಯಾರೂ ಇಲ್ಲ, ಮೇಲೆ ಬರುತ್ತದೆ. ಎಷ್ಟು ಟೇಕ್ ಆಯಿತು ಅಂತ ಬರೆಯುವುದಿಲ್ಲ. ಡೈರೆಕ್ಟರ್ ಮೆಲ್ಲಗೆ, ನಾಳೆ ನೋಡೋಣ ಮೇಡಂ, ಆಗದಿದ್ದರೆ ಹಿಂದಿನಿಂದ ತೆಗೆದು ದನಿ ಹಾಕೋಣ ಅಂದ.

ಹಿಂದಿನಿಂದ. ನನ್ನ ಬೆನ್ನಿಗೆ ಯಾರು ಟಿಕೆಟ್ ತೆಗೆದುಕೊಳ್ಳುತ್ತಾರೆ?

ನಾಳೆ ಆಗುತ್ತದೆ. ಹೇಗೆ ಅಂತ ಗೊತ್ತಿಲ್ಲ. ಆಗುತ್ತದೆ.

ಮಾರ್ಚ್ 12, ಸೆಟ್ಟಿನಲ್ಲೇ, ಲೈಟ್ ಬದಲಾಯಿಸುತ್ತಿದ್ದಾರೆ

ಬೇಗ ಬರೆಯಬೇಕು.

ಬೆಳಿಗ್ಗೆ ಬಂದಾಗ ಸ್ಟ್ಯಾಂಡ್ ಇರಲಿಲ್ಲ. ಕ್ಯಾಮೆರಾದ ಎಡಗಡೆ, ಮರದ ಪೆಟ್ಟಿಗೆಯ ಮೇಲೆ, ಸಾಹೇಬರು. ಅವರಿಗೆ ಇವತ್ತು ಕೆಲಸವೇ ಇಲ್ಲ. ಕ್ಯಾಮೆರಾಮನ್ ನೆನ್ನೆಯ ಕಥೆ ಹೇಳಿರಬೇಕು. ಕೈಯಲ್ಲಿ ಹಾಳೆ, ಮೂಗಿನ ಮೇಲೆ ಕನ್ನಡಕ. ನಾನು ಬಂದದ್ದು ನೋಡಿ ಹೇಳಿದರು, “ಬೇಗ ಮುಗಿಸಮ್ಮ, ಮೂರು ಜನ ಸೇರಿ ಎಬ್ಬಿಸಬೇಕು.”

ಶುರುವಾಯಿತು. ಬಾಗಿಲು ತೆಗೆದು ಒಳಗೆ ಬಂದೆ. ಸಾಹೇಬರು ಆ ಗುಡುಗಿನಂಥ ದನಿಯಲ್ಲಿ, ಹದಿನೆಂಟರ ಹುಡುಗಿಯ ಮಾತು, ‘ಅಮ್ಮಾ, ಯಾಕೆ ಬಂದೆ ಈಗ?’ ಅಂದರು. ಲೈಟಿನವರು ಬೆನ್ನು ತಿರುಗಿಸಿ ನಿಂತರು. ಒಬ್ಬ ಕೆಮ್ಮಿದ. ನನಗೆ ಆ ಮೊದಲ ಕ್ಲೋಸಪ್‌ನ ನಗು ಬಂತು, ತಡೆಯಲಾಗದ್ದು. ಕಟ್. ಎಲ್ಲರೂ ನಕ್ಕರು, ಸಾಹೇಬರೂ. ತಿಂಗಳುಗಳ ಮೇಲೆ ನಕ್ಕೆ. ನಗುತ್ತಾ ನಗುತ್ತಾ ಅತ್ತೆ. ಮೇಕಪ್ ಹಾಳಾಯಿತು. ಮತ್ತೆ ಹಚ್ಚಿದರು.

ಎರಡನೇ ಸಲ ಸಾಹೇಬರು ನಟಿಸಲಿಲ್ಲ. ಸುಮ್ಮನೆ ಕೇಳಿದರು, ಯಾಕೆ ಬಂದೆ ಈಗ ಅಂತ. ಅವರಿಗೇ ತಿಳಿಯಬೇಕು ಅನ್ನುವ ಹಾಗೆ. ಕೂತವರನ್ನು ನೋಡಿದೆ. ಕಣ್ಣು ಎಲ್ಲೂ ಜಾರಲಿಲ್ಲ. ಹೇಳಬೇಕಾದ್ದು ಹೇಳಿದೆ.

ಕೂತದ್ದರಿಂದ ನೋಟ ಕೆಳಗಿತ್ತಲ್ಲ. ಡೈರೆಕ್ಟರ್ ಗೋಳಾಡಲಿಲ್ಲ, ಮಗಳನ್ನು ಮಂಚದ ಮೇಲೆ ಕೂರಿಸಿ ಇಬ್ಬರ ಶಾಟನ್ನೂ ಮತ್ತೆ ತೆಗೆಯುತ್ತೇನೆ ಅಂದ. ಕಲಿಯುತ್ತಿದ್ದಾನೆ. ಓಕೆ.

ಸಾಹೇಬರನ್ನು ಮೂವರು ಎಬ್ಬಿಸಿದರು. ಹೋದರು.

ಈಗ ಹುಡುಗಿಯ ಕ್ಲೋಸಪ್. ನನ್ನ ಕೆಲಸ ಮುಗಿದಿದೆ, ಹೊರಡಬಹುದು. ಬಟ್ಟೆ ಬದಲಾಯಿಸಲು ಹೋಗುತ್ತಿದ್ದೆ. ಹಿಂತಿರುಗಿ ನೋಡಿದರೆ ಸ್ಟ್ಯಾಂಡಿಗೆ ಮತ್ತೆ ಟೇಪ್ ಅಂಟಿಸುತ್ತಿದ್ದಾರೆ. ಹುಡುಗಿ ಮಂಚದ ಮೇಲೆ ಒಬ್ಬಳೇ, ತುಟಿ ಅಲ್ಲಾಡಿಸುತ್ತಾ ಮಾತು ನೆನೆಯುತ್ತಿದ್ದಳು.

ಹೋಗಿ ಟೇಪ್ ಕಿತ್ತುಹಾಕಿದೆ. ಹಾಳೆ ಇಸಿದುಕೊಂಡೆ. ಹುಡುಗಿ ಎದ್ದು ನಿಂತು, ಬೇಡಿ ಮೇಡಂ, ನೀವ್ಯಾಕೆ ಅಂದಳು. ಕೂತ್ಕೋ ಅಂದೆ. ಕ್ಯಾಮೆರಾಮನ್ ಲೆನ್ಸ್‌ನಲ್ಲಿ ನೋಡಿ, ಸ್ವಲ್ಪ ಎತ್ತರ ಬೇಕು, ಪೆಟ್ಟಿಗೆ ಹತ್ತುತ್ತೀಯಾ ಅಂತ ಕೇಳಿದರು. ಹತ್ತಿದೆ. ಮಂಡಿ ನಿಜವಾಗಿಯೂ ನೋಯುತ್ತದೆ.

ಕ್ಯಾಮೆರಾದ ಈ ಕಡೆ ನಾನು ಯಾವತ್ತೂ ನಿಂತಿರಲಿಲ್ಲ. ಲೈಟೆಲ್ಲ ನಮ್ಮ ಬೆನ್ನಿಗೆ. ಸುತ್ತ ಕತ್ತಲು, ನಿಂತವರು ಯಾರೂ ಕಾಣುವುದಿಲ್ಲ. ಎದುರಿಗೆ ಒಂದೇ ಮುಖ, ಕೈಚಾಚಿದರೆ ಸಿಗುವಷ್ಟು ಹತ್ತಿರ. ರಿಹರ್ಸಲ್‌ಗೆ ಒಮ್ಮೆ ನನ್ನ ಮಾತು ಹೇಳಿದೆ, ಕೊಡೆ ತಗೊಂಡು ಹೋಗು ಅನ್ನುವ ಹಾಗೆ. ಹುಡುಗಿ ಕಣ್ಣೆತ್ತಿ ನನ್ನನ್ನು ನೋಡಿದಳು. ಲೆನ್ಸ್‌ಗೆ ಸಿಗುವುದು ಅದರ ಓರೆ. ಪೂರ್ತಿ ಬಂದು ತಾಗುವುದು ಇಲ್ಲಿ ನಿಂತವರಿಗೆ.

ಯಾವ ಥಿಯೇಟರಿನಲ್ಲೂ ಇಷ್ಟು ಹತ್ತಿರದ ಸೀಟ್ ಇಲ್ಲ.

ನಾನು ನೋಡಾಯ್ತಲ್ಲ. ಅಕ್ಕನ ಆ ಮಾತನ್ನು ನೆಪ ಅಂದುಕೊಂಡಿದ್ದೆ. ಅಕ್ಕ, ನೀನು ಎಲ್ಲಾ —

ಲೈಟ್ ಆಯಿತಂತೆ, ಕರೆಯುತ್ತಿದ್ದಾರೆ. ಹುಡುಗಿ ನಾನು ಬರುತ್ತೀನಾ ಅಂತ ಈ ಕಡೆಗೇ ನೋಡುತ್ತಿದ್ದಾಳೆ. ಪೆಟ್ಟಿಗೆ ಯಾರೋ ಪಕ್ಕಕ್ಕೆ ತಳ್ಳಿದ್ದಾರೆ, ಅಲ್ಲೇ ಇರಲಿ ಅಂತ ಹೇಳಬೇಕು, ಎಡಗಡೆ, ಅದು ನನ್ನ